ಹಿತ್ತಲಿಗೆ ಕೋಳಿ ಬಂದಾಗ ಮನೆಯ ನಾಯಿ: ಲಕ್ಷಣ ನೋಡಿ ದೋಷ ತಿದ್ದುವ ಕೈಪಿಡಿ

ತಿಪಟೂರಿನ ಹತ್ತಿರದ ನಮ್ಮ ತೋಟದ ಮನೆಗೆ ಆರು ಗಿರಿರಾಜ ಹೇಂಟೆಗಳನ್ನು ತಂದಾಗ ಕರಿಯನಿಗೆ ಮೂರು ವರ್ಷ. ತಾಯಿ ಮುಧೋಳ ನಾಯಿ, ತಂದೆ ಊರ ನಾಯಿ. ಕರುವಿನ ಪಕ್ಕದಲ್ಲಿ ಮಲಗುತ್ತಿದ್ದ, ಬೆಕ್ಕಿನ ತಟ್ಟೆಗೆ ಬಾಯಿ ಹಾಕುತ್ತಿರಲಿಲ್ಲ. ಇಂಥವನು ಕೋಳಿಗೆ ಏನು ಮಾಡಿಯಾನು ಎಂದುಕೊಂಡೆವು. ಮೂರು ದಿನ ಅವನು ಒಮ್ಮೆಯೂ ಬೊಗಳಲಿಲ್ಲ. ಗೂಡಿನೆದುರು ಗಂಟೆಗಟ್ಟಲೆ ಕೂತಿರುತ್ತಿದ್ದ. ಕಾವಲು ಕೂತಿದ್ದಾನೆ ಎಂದು ಅತ್ತೆ ಹೇಳಿದರು, ನಾನೂ ನಂಬಿದೆ. ನಾಲ್ಕನೆಯ ದಿನ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ ಅರೆಕ್ಷಣದಲ್ಲಿ ಒಂದು ಹೇಂಟೆ ಅವನ ಬಾಯಲ್ಲಿತ್ತು.

ಆ ಮೂರು ದಿನ ಅವನು ತನ್ನ ಮೈಯಿಂದ ಎಲ್ಲವನ್ನೂ ಹೇಳಿದ್ದ, ನನಗೆ ಓದಲು ಬಂದಿರಲಿಲ್ಲ. ಆಮೇಲೆ ಕಲಿತದ್ದನ್ನು ಇಲ್ಲಿ ಕಣ್ಣಿಗೆ ಕಾಣುವ ಲಕ್ಷಣಗಳ ಪ್ರಕಾರ ಬರೆದಿದ್ದೇನೆ. ನಿಮ್ಮ ಹಿತ್ತಲಿನಲ್ಲಿ ಕಾಣುತ್ತಿರುವುದು ಯಾವುದೋ ಅದನ್ನೇ ಮೊದಲು ಓದಿ. ನಾಯಿ ಈಗಾಗಲೇ ಕೋಳಿಗೆ ಬಾಯಿ ಹಾಕಿದ್ದರೆ ನೇರವಾಗಿ "ನಾಯಿ ಕೋಳಿಯನ್ನು ಕಚ್ಚಿದೆ" ಎಂಬ ಭಾಗಕ್ಕೆ ಹೋಗಿ.

ಎಲ್ಲಕ್ಕೂ ಮೊದಲು, ಕಾಸು ಖರ್ಚಿಲ್ಲದ ಹತ್ತು ನಿಮಿಷ

ಕೋಳಿಗಳು ಗೂಡಿನೊಳಗಿರಲಿ, ಚಿಲಕ ಹಾಕಿರಲಿ. ನಾಯಿಗೆ ಗಟ್ಟಿಯಾದ ಕೊರಳ ಬೆಲ್ಟ್ ಮತ್ತು ಹಗ್ಗ ಹಾಕಿ ಮೂವತ್ತು ಅಡಿ ದೂರದಲ್ಲಿ ನಿಲ್ಲಿ. ಮನೆಯ ಇನ್ನೊಬ್ಬರು ಗೂಡಿನೊಳಗೆ ಒಂದು ಹಿಡಿ ರಾಗಿ ಎರಚಲಿ, ಕೋಳಿಗಳು ಓಡಾಡುತ್ತವೆ. ಈಗ ನೀವು ಕೋಳಿಯನ್ನು ನೋಡಬೇಡಿ, ನಾಯಿಯನ್ನು ನೋಡಿ.

ಮೈ ಸಡಿಲವಾಗಿದ್ದು, ಬಾಯಿ ಅರ್ಧ ತೆರೆದು, ಒಮ್ಮೆ ಕೋಳಿಯನ್ನು ನೋಡಿ ಇನ್ನೊಮ್ಮೆ ನೆಲ ಮೂಸಿ ನಿಮ್ಮ ಕಡೆ ತಿರುಗುತ್ತಿದ್ದರೆ ಅದು ಕುತೂಹಲ. ಮೈ ಬಿಗಿಯಾಗಿ, ಬಾಯಿ ಮುಚ್ಚಿ, ಕಿವಿ ಮುಂದಕ್ಕೆ ನಿಮಿರಿ, ಬಾಲ ಅಲುಗಾಡದೆ, ಕಣ್ಣು ಒಂದೇ ಕೋಳಿಯ ಮೇಲೆ ನೆಟ್ಟಿದ್ದರೆ ಅದು ಬೇಟೆಯ ಮೊದಲ ಹೆಜ್ಜೆ. ಮೇಲಿಂದ ಮೇಲೆ ಆಕಳಿಸುವುದು, ತುಟಿ ನೆಕ್ಕುವುದು, ಮುಖ ಬೇರೆಡೆಗೆ ತಿರುಗಿಸುವುದು ಕಂಡರೆ ಅದಕ್ಕೆ ಅಲ್ಲಿ ನಿಲ್ಲುವುದೇ ಕಷ್ಟವಾಗಿದೆ ಎಂದರ್ಥ; ಹತ್ತು ಅಡಿ ಹಿಂದಕ್ಕೆ ಬನ್ನಿ.

ಕೊನೆಗೆ ಹೆಸರು ಹಿಡಿದು ಒಮ್ಮೆ ಮಾತ್ರ ಕರೆಯಿರಿ. ಕೂಡಲೇ ತಿರುಗಿ ನೋಡಿದರೆ ಆ ದೂರದಲ್ಲಿ ಪಾಠ ಶುರು ಮಾಡಬಹುದು. ಕಿವಿಯೂ ಅಲುಗಾಡದಿದ್ದರೆ ಹಿಂದೆ ಸರಿಯಿರಿ, ಮತ್ತೆ ಕರೆಯಿರಿ. ಕರೆದರೆ ಕಿವಿ ತಿರುಗುವ ದೂರ ಯಾವುದು ಎಂಬುದೇ ಈ ಕೆಲಸದಲ್ಲಿ ನಿಮಗೆ ಬೇಕಾದ ಅಳತೆ. ಕರಿಯನಿಗೆ ಅದು ಅರವತ್ತು ಅಡಿ ಇತ್ತು. ನಾವು ಅವನನ್ನು ಮೊದಲ ದಿನವೇ ಗೂಡಿನ ಜಾಲರಿಗೆ ಮೂಗು ತಾಗುವಷ್ಟು ಹತ್ತಿರ ಬಿಟ್ಟಿದ್ದೆವು.

ಗೂಡಿನ ಸುತ್ತ ಓಡುತ್ತದೆ, ಬೊಗಳುತ್ತದೆ, ಕುಯ್‌ಗುಡುತ್ತದೆ

ನೋಡುವವರಿಗೆ ಭಯವಾಗುವ ಲಕ್ಷಣ ಇದು, ಆದರೆ ಹೆಚ್ಚಿನ ಸಲ ತಿದ್ದಲು ಸುಲಭವಾದದ್ದೂ ಇದೇ. ನಾಯಿಗೆ ಹೊಸ ವಸ್ತುವಿನ ಬಗ್ಗೆ ತಡೆಯಲಾರದ ಉತ್ಸಾಹ. ಮೊದಲು ಅದರ ದಿನಚರಿ ನೋಡಿ. ಬೆಳಗಿನಿಂದ ಕಟ್ಟಿಹಾಕಿದ ನಾಯಿಯನ್ನು ಸಂಜೆ ಬಿಚ್ಚಿ ನೇರ ಕೋಳಿಯ ಮುಂದೆ ತಂದರೆ ಯಾವ ನಾಯಿಯಾದರೂ ಹೀಗೆಯೇ ಮಾಡುತ್ತದೆ. ಅರ್ಧ ಗಂಟೆ ತೋಟ ಸುತ್ತಿಸಿ, ನೀರು ಕುಡಿಸಿ, ಆಮೇಲೆ ಕರೆತನ್ನಿ. ಆರು ತಿಂಗಳಿಂದ ಎರಡು ವರ್ಷದೊಳಗಿನ ನಾಯಿಗಳಿಗೆ ಇದು ಇನ್ನೂ ಮುಖ್ಯ.

ಬೊಗಳಿದಾಗ ಗದರಬೇಡಿ, ನೀವೂ ಜೊತೆಗೆ ಬೊಗಳುತ್ತಿದ್ದೀರಿ ಎಂದು ಅದು ತಿಳಿಯುತ್ತದೆ. ಮಾತಿಲ್ಲದೆ ದೂರ ನಡೆಸಿಕೊಂಡು ಹೋಗಿ. ಸುಮ್ಮನಾಗಿ ನಿಮ್ಮ ಮುಖ ನೋಡಿದ ಗಳಿಗೆಯಲ್ಲೇ ಬೇಯಿಸಿದ ಮೊಟ್ಟೆಯ ಚೂರೋ ಗೆಣಸಿನ ಚೂರೋ ಕೊಡಿ. ದಿನಕ್ಕೆ ಎರಡು ಸಲ, ಐದೈದು ನಿಮಿಷ ಸಾಕು. ವಾರದೊಳಗೆ ಬೊಗಳುವುದು ಕಡಿಮೆಯಾಗಬೇಕು. ಕಡಿಮೆಯಾದಾಗ ಮೈ ಸಡಿಲವಾಗಿದೆಯೋ ಬಿಗಿಯಾಗಿದೆಯೋ ನೋಡಿ. ಬಿಗಿಯಾಗಿದ್ದರೆ ಮುಂದಿನ ಭಾಗ ನಿಮ್ಮದು.

ಸದ್ದಿಲ್ಲದೆ ದಿಟ್ಟಿಸುತ್ತದೆ

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯ ಇನ್ನೊಂದು ಮಗ್ಗುಲು ಇಲ್ಲಿದೆ. ನಾಯಿಯ ಬೇಟೆಗೆ ಒಂದು ಸರಣಿ ಇದೆ: ದಿಟ್ಟಿಸುವುದು, ಹೊಂಚುತ್ತ ಸಾಗುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು. ಒಂದೊಂದು ತಳಿಯಲ್ಲಿ ಮನುಷ್ಯ ಈ ಸರಣಿಯ ಒಂದೊಂದು ತುಂಡನ್ನು ಹೆಚ್ಚಿಸಿದ್ದಾನೆ. ಕುರಿ ಮಂದೆಯನ್ನು ಅಟ್ಟಿಕೊಂಡು ಹೋಗುವ ತಳಿಗಳಲ್ಲಿ ದಿಟ್ಟಿಸುವುದು ಮತ್ತು ಅಟ್ಟುವುದು ಬಲವಾಗಿ, ಕೊಲ್ಲುವುದು ಕುಗ್ಗಿದೆ. ಲ್ಯಾಬ್ರಡಾರ್ ಹಿಡಿದು ತರುವ ನಾಯಿ. ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ. ಮೊಲದ ಹಿಂದೆ ಬಾಣದಂತೆ ಹೋಗಲೆಂದೇ ಬೆಳೆಸಿದ್ದು. ಊರ ನಾಯಿಯಲ್ಲಿ ಸರಣಿ ಪೂರ್ತಿಯಾಗಿಯೇ ಉಳಿದಿರಬಹುದು. ತಳಿ ನೋಡಿ ತೀರ್ಪು ಕೊಡಬೇಡಿ, ಆದರೆ ಯಾವ ಹೆಜ್ಜೆಗೆ ಕಾದು ನಿಲ್ಲಬೇಕು ಎಂಬುದು ಅದರಿಂದ ತಿಳಿಯುತ್ತದೆ.

ಈ ಸರಣಿಯಲ್ಲಿ ಎಲ್ಲೂ ಕೋಪವಿಲ್ಲ. ಆದ್ದರಿಂದಲೇ ಗುರುಗುಟ್ಟುವುದೂ ಇಲ್ಲ, ಹಲ್ಲು ತೋರಿಸುವುದೂ ಇಲ್ಲ. ಸಾಧು ನಾಯಿ ಎಂದು ನಾವು ನಂಬಿದ ನಾಯಿ ನಂಬಿಕೆದ್ರೋಹ ಮಾಡಿತು ಎಂದು ನೊಂದುಕೊಳ್ಳುವವರನ್ನು ಕಂಡಿದ್ದೇನೆ. ದ್ರೋಹ ಅಲ್ಲಿಲ್ಲ. ಮಗುವಿನ ಕೈಯಿಂದ ಬಿಸ್ಕತ್ತನ್ನು ಮೆತ್ತಗೆ ತೆಗೆದುಕೊಳ್ಳುವ ನಾಯಿಯೇ ಮರುಗಳಿಗೆ ಕೋಳಿಯನ್ನು ಕೊಲ್ಲಬಹುದು. ಎರಡೂ ಬೇರೆ ಬೇರೆ ಕೋಣೆಗಳು.

ಒಂದು ಮುಂಗಾಲು ಎತ್ತಿ ನಿಲ್ಲುವುದು, ತಲೆ ತಗ್ಗಿಸಿ ನಿಧಾನ ಹೆಜ್ಜೆ ಇಡುವುದು, ತೊಡೆಯ ಮಾಂಸ ಸಣ್ಣಗೆ ನಡುಗುವುದು, ಜೊಲ್ಲು ಸುರಿಯುವುದು: ಇವುಗಳಲ್ಲಿ ಯಾವುದು ಕಂಡರೂ ಆ ದಿನದ ಪಾಠ ಮುಗಿಯಿತು. ದೂರ ಕರೆದೊಯ್ಯಿರಿ.

ತಿದ್ದುವ ದಾರಿ ಉದ್ದ. ದಿಟ್ಟಿಸುವಿಕೆಯನ್ನು ಮೊದಲ ಎರಡು ಸೆಕೆಂಡಿನಲ್ಲೇ ಮುರಿಯಬೇಕು. ಐದು ಸೆಕೆಂಡು ಕಳೆದರೆ ನಿಮ್ಮ ದನಿ ಕಿವಿಗೆ ಬೀಳುವುದಿಲ್ಲ. ಮನೆಯೊಳಗೆ, ಕೋಳಿಯ ವಾಸನೆಯೂ ಇಲ್ಲದ ಕಡೆ, "ಬಿಡು" ಎಂಬ ಮಾತನ್ನು ಮೊದಲು ಕಲಿಸಿ. ಮುಚ್ಚಿದ ಮುಷ್ಟಿಯಲ್ಲಿ ತಿಂಡಿ ಇಟ್ಟುಕೊಳ್ಳಿ. ಅದು ಮೂಸಿ, ನೆಕ್ಕಿ, ಬೇಸತ್ತು ಮುಖ ಹಿಂದೆಳೆದುಕೊಂಡಾಗ "ಬಿಡು" ಎಂದು ಇನ್ನೊಂದು ಕೈಯಿಂದ ಬೇರೆ ತಿಂಡಿ ಕೊಡಿ. ಮನೆಯವರೆಲ್ಲರೂ ಒಂದೇ ಮಾತು ಬಳಸಬೇಕು. ನಮ್ಮಲ್ಲಿ ನಾನು "ಬಿಡು", ಮಗ "ಬೇಡ", ಅತ್ತೆ "ಏ ಕರಿಯಾ" ಎನ್ನುತ್ತಿದ್ದುದರಿಂದಲೇ ಎರಡು ವಾರ ಹಾಳಾಯಿತು. ಮಾತು ಪಕ್ಕಾ ಆದ ಮೇಲೆ ಅಂಗಳ, ಆಮೇಲೆ ಗೂಡಿನಿಂದ ನೀವು ಅಳೆದ ದೂರ, ಕರಿಯನಿಗಾದರೆ ಅರವತ್ತು ಅಡಿ. ಎರಡು ದಿನ ತಪ್ಪಿಲ್ಲದೆ ಕಳೆದರೆ ಐದು ಅಡಿ ಮುಂದೆ, ಒಂದು ತಪ್ಪಾದರೆ ಹತ್ತು ಅಡಿ ಹಿಂದೆ. ಕರಿಯನಿಗೆ ಗೂಡಿನ ಪಕ್ಕ ಬಂದು ಮೈ ಸಡಿಲಿಸಿ ಮಲಗಲು ಏಳು ವಾರ ಹಿಡಿಯಿತು.

ಸತ್ತ ಕೋಳಿಯನ್ನು ನಾಯಿಯ ಕೊರಳಿಗೆ ಕಟ್ಟಿದರೆ ಬುದ್ಧಿ ಬರುತ್ತದೆ ಎಂದು ಹೇಳುವವರು ಈಗಲೂ ಇದ್ದಾರೆ. ದಯವಿಟ್ಟು ಮಾಡಬೇಡಿ. ಕೊಳೆತ ಮಾಂಸದಿಂದ ರೋಗ ಬರುತ್ತದೆ, ನಾಯಿಗೆ ಅದರ ಕಾರಣ ತಿಳಿಯುವುದಿಲ್ಲ. ಹೊಡೆತವೂ ಅಷ್ಟೇ: ನೀವಿದ್ದಾಗ ಮುಟ್ಟಬಾರದು ಎಂದಷ್ಟೇ ಕಲಿಯುತ್ತದೆ, ನೀವಿಲ್ಲದ ಹೊತ್ತಿಗೆ ಕಾಯುತ್ತದೆ.

ಜಾಲರಿಯ ಈಚೆ ಸರಿ ಇರುತ್ತದೆ, ಕೋಳಿ ಹೊರಬಂದ ಕೂಡಲೇ ಅಟ್ಟುತ್ತದೆ

ಇಲ್ಲಿ ದೋಷ ಚಲನೆಯಲ್ಲಿದೆ. ಕೂತ ಕೋಳಿಗೂ ರೆಕ್ಕೆ ಬಡಿದು ಓಡುವ ಕೋಳಿಗೂ ನಾಯಿಯ ಕಣ್ಣಲ್ಲಿ ಅಜಗಜಾಂತರ. ಮೊದಲು ಕೋಳಿಗಳ ಕಡೆ ನೋಡಿ: ತಂದು ಎಷ್ಟು ದಿನವಾಯಿತು? ಹೊಸ ಜಾಗಕ್ಕೆ ಹೊಂದಿಕೊಳ್ಳದ ಕೋಳಿ ಎಲೆ ಬಿದ್ದರೂ ಹಾರುತ್ತದೆ. ಎರಡು ಮೂರು ವಾರ ಗೂಡಿನಲ್ಲೇ ಇರಿಸಿ ಮೇಯಿಸಿ. ಹೊಸ ಕೋಳಿಯಲ್ಲಿ ರೋಗವಿದ್ದರೆ ಅದೂ ಆ ಅವಧಿಯಲ್ಲಿ ಹೊರಬೀಳುತ್ತದೆ. ನಾಟಿ ಕೋಳಿ ಅಪಾಯ ಕಂಡರೆ ಹಲಸಿನ ಕೊಂಬೆಗೆ ಹಾರಿ ಕೂರುತ್ತದೆ. ಗಿರಿರಾಜದಂಥ ಭಾರದ ಕೋಳಿಗೆ ಆ ಅನುಕೂಲವಿಲ್ಲ, ನೆಲದಲ್ಲೇ ಓಡಬೇಕು. ಅದಕ್ಕೆ ನುಗ್ಗಿ ಅವಿತುಕೊಳ್ಳಲು ತೆಂಗಿನ ಗರಿಯ ರಾಶಿಯೋ ನಾಯಿ ತೂರದಂಥ ಕಂಡಿಯೋ ಬೇಕು.

ಆಮೇಲೆ ಒಂದೇ ಕೋಳಿಯನ್ನು, ಸಂಜೆ ಮೇವಿನ ಹೊತ್ತಿನಲ್ಲಿ ಹೊರಬಿಡಿ. ನಾಯಿ ಹಗ್ಗದಲ್ಲಿರಲಿ. ಹಗ್ಗದ ತುದಿ ಕೈಗೆ ಸುತ್ತಿಕೊಳ್ಳಬೇಡಿ. ಮೂವತ್ತು ಕಿಲೋ ತೂಕದ ನಾಯಿ ಜಗ್ಗಿದರೆ ಬೆರಳು ಮುರಿಯುತ್ತದೆ. ಹಿಡಿದ ಹಗ್ಗ ಎರಡು ವಾರ ಸಡಿಲವಾಗಿಯೇ ಉಳಿದರೆ, ಹದಿನೈದು ಅಡಿ ಹಗ್ಗವನ್ನು ನೆಲದ ಮೇಲೆ ಎಳೆಯುತ್ತ ಓಡಾಡಲು ಬಿಡಿ, ಬೇಕಾದಾಗ ಕಾಲಲ್ಲಿ ಮೆಟ್ಟಿ ನಿಲ್ಲಿಸಬಹುದು. ಒಕ್ಕಣೆಯಲ್ಲಿ ಎತ್ತಿನ ಬಾಯಿಗೆ ಹಾಕುವ ಕುಕ್ಕೆಯ ಹಾಗೆ ನಾಯಿಗೂ ಬಾಯಿಬುಟ್ಟಿ ಸಿಗುತ್ತದೆ. ಉಸಿರಾಡಲು, ನೀರು ಕುಡಿಯಲು ಜಾಗವಿರುವಂಥದ್ದನ್ನೇ ತನ್ನಿ. ಅದನ್ನು ಹಾಕಿದ ಮಾತ್ರಕ್ಕೆ ಹಗ್ಗ ಬಿಡಬೇಡಿ, ಪಂಜದಿಂದ ಒತ್ತಿಯೇ ನಾಯಿ ಕೋಳಿಯನ್ನು ಕೊಲ್ಲಬಲ್ಲದು.

ಇನ್ನೊಂದು ಕಾರಣ ನಮ್ಮ ಕೈಯಲ್ಲೇ ಇರುತ್ತದೆ. ಹೊಸತೊಡಕಿನ ದಿನ ಅದೇ ಹಿತ್ತಲಿನಲ್ಲಿ ಕೋಳಿ ಕೊಯ್ದು ತಲೆ, ಕರುಳು, ಕಾಲು ನಾಯಿಗೆ ಎಸೆಯುವ ರೂಢಿ ಎಷ್ಟೋ ಮನೆಗಳಲ್ಲಿದೆ. ಒದ್ದಾಡುವ ಕೋಳಿ, ರಕ್ತದ ವಾಸನೆ, ಬಾಯಿಗೆ ಬಿದ್ದ ತುತ್ತು, ಮೂರನ್ನೂ ನಾಯಿ ಕೂಡಿಸಿಕೊಳ್ಳುತ್ತದೆ. ಕೊಯ್ಯುವುದಾದರೆ ನಾಯಿಗೆ ಕಾಣದ ಕಡೆ, ತ್ಯಾಜ್ಯವನ್ನು ಆಳವಾಗಿ ಹೂಳಿ.

ದೊಡ್ಡ ಕೋಳಿಗೆ ಏನೂ ಮಾಡುವುದಿಲ್ಲ, ಮರಿ ಕಂಡರೆ ತಡೆಯುವುದಿಲ್ಲ

ಚಿಂವ್ ಚಿಂವ್ ಸದ್ದು, ಉರುಳಿದಂತೆ ಓಡುವ ನಡಿಗೆ ಎರಡೂ ನಾಯಿಯನ್ನು ಕೆಣಕುತ್ತವೆ. ಆಟಕ್ಕೆಂದು ಪಂಜ ಇಟ್ಟರೂ ಮರಿ ಸಾಯುತ್ತದೆ. ದೊಡ್ಡ ಕೋಳಿಗಳ ಜೊತೆ ಪಳಗಿದ ನಾಯಿ ಮರಿಗಳ ಜೊತೆಗೂ ಪಳಗಿದೆ ಎಂದು ಲೆಕ್ಕ ಹಾಕಬೇಡಿ. ಪಾಠ ಮೊದಲಿನಿಂದ ಶುರು. ಮರಿಗಳಿಗೆ ರೆಕ್ಕೆಪುಕ್ಕ ಪೂರ್ತಿ ಬರುವವರೆಗೆ ಬೇರೆಯೇ ಇಡಿ. ಕಾವು ಕೂತ ಅಥವಾ ಮರಿ ಹಾಕಿಕೊಂಡ ಹೇಂಟೆ ನಾಯಿಯ ಮುಖಕ್ಕೇ ಎಗರುತ್ತದೆ, ಕಣ್ಣಿಗೆ ಕುಕ್ಕಿದರೆ ನಾಯಿಗೂ ಆಪತ್ತು. ಕಣ್ಣು ಮುಚ್ಚಿಕೊಂಡು ನೀರು ಸುರಿಸುತ್ತಿದ್ದರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ.

ಗೂಡಿನ ಬುಡ ಕೆರೆಯುತ್ತದೆ

ಕೋಳಿಗಾಗಿಯೇ ಕೆರೆಯುತ್ತಿದೆ ಎಂದುಕೊಳ್ಳಬೇಡಿ. ಮೊದಲು ಬಿದ್ದ ಮೇವು ಗುಡಿಸಿ, ಹಿಕ್ಕೆ ತೆಗೆಯಿರಿ, ಇಲಿ ಬಿಲ ಇದೆಯೇ ನೋಡಿ. ಇಲಿಯ ಹಿಂದೆ ಬಿದ್ದ ನಾಯಿ ಒಂದೇ ಬಿಲದ ಹತ್ತಿರ ಕೆರೆಯುತ್ತದೆ, ಕೋಳಿಯ ಹಿಂದೆ ಬಿದ್ದದ್ದು ಕೋಳಿ ಸರಿದ ಕಡೆಗೆಲ್ಲ ಸರಿಯುತ್ತದೆ. ಇಲಿ ಪಾಷಾಣ ಮಾತ್ರ ಇಡಬೇಡಿ: ಪಾಷಾಣ ತಿಂದರೂ, ತಿಂದು ಸತ್ತ ಇಲಿಯನ್ನು ತಿಂದರೂ ನಾಯಿಯ ಜೀವಕ್ಕೆ ಅಪಾಯ.

ಆಮೇಲೆ ಗೂಡನ್ನು ಪರೀಕ್ಷಿಸಿ. ಆರು ಮೂಲೆ ಕಣ್ಣಿನ ತೆಳು ಕೋಳಿ ಜಾಲರಿ ಕೋಳಿಯನ್ನು ಒಳಗೆ ಇಡಲು ಸಾಕು, ನಾಯಿಯನ್ನು ಹೊರಗೆ ಇಡಲು ಸಾಲದು, ಹಲ್ಲಿಗೆ ಹರಿಯುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ತಂತಿಯ ಜಾಲರಿ, ಹಾಕಿಸಿ. ಬುಡದಲ್ಲಿ ಒಂದು ಅಡಿ ಆಳಕ್ಕೆ ಹೂಳಿ, ಇಲ್ಲವೇ ಎರಡು ಅಡಿ ಅಗಲದ ಜಾಲರಿಯನ್ನು ಗೂಡಿನ ಹೊರಗೆ ನೆಲದ ಮೇಲೆ ಹಾಸಿ ಕಲ್ಲು ಹೇರಿ. ಸುಮ್ಮನೆ ತಿರುಗುವ ಮರದ ಚಿಲಕವನ್ನು ನಾಯಿ ಮೂಗಿನಿಂದಲೇ ತೆರೆಯುತ್ತದೆ, ಕೊಂಡಿ ಇರುವ ಕಬ್ಬಿಣದ ಚಿಲಕ ಬೇಕು. ಈ ಖರ್ಚನ್ನು ಕೋಳಿ ತರುವ ಮೊದಲೇ ಮಾಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದವಳು ನಾನು.

ಕೋಳಿಗಳು ಮೊಟ್ಟೆ ನಿಲ್ಲಿಸಿವೆ, ಮೂಲೆ ಸೇರಿವೆ

ನಾಯಿಯನ್ನು ದೂರುವ ಮೊದಲು ಎರಡು ದಿನ ಅದು ಕೋಳಿಗಳ ಕಣ್ಣಿಗೇ ಬೀಳದ ಹಾಗೆ ಕಟ್ಟಿಹಾಕಿ. ಕೋಳಿಗಳು ಮೇವಿಗೆ ಬಂದು ನೆಲ ಕೆದಕತೊಡಗಿದರೆ ಕಾರಣ ಹೆದರಿಕೆ. ನಾಯಿ ಸುಮ್ಮನೆ ಕೂತಿದ್ದರೂ ಕೋಳಿಗೆ ಅದು ಹೊಂಚುವ ಪ್ರಾಣಿಯೇ. ಗೂಡಿನ ಒಂದು ಬದಿಗೆ ಮೂರು ಅಡಿ ಎತ್ತರದ ಗೋಣಿತಾಟು ಕಟ್ಟಿ ಮರೆ ಮಾಡಿ. ಮೊಟ್ಟೆ ಮತ್ತೆ ಶುರುವಾಗಲು ಒಂದೆರಡು ವಾರ ಬೇಕಾಗಬಹುದು.

ಪುಕ್ಕ ಉದುರುತ್ತಿದ್ದು ಮೇವು ತಿನ್ನುತ್ತಿದ್ದರೆ ಅದು ಪುಕ್ಕ ಬದಲಿಸುವ ಕಾಲ, ಚಿಂತೆ ಬೇಡ. ಹಸಿರು ಹಿಕ್ಕೆ, ಕೊಕ್ಕು ತೆರೆದು ಉಸಿರಾಟ, ಕತ್ತು ತಿರುಚುವುದು, ಕಾಲು ಬೀಳುವುದು ಕಂಡರೆ ಕೊಕ್ಕರೆ ರೋಗದ ಅನುಮಾನ ಪಡಿ. ರಾಣಿಖೇತ್ ಎಂದೂ ಕರೆಯುತ್ತಾರೆ. ಇದಕ್ಕೂ ನಾಯಿಗೂ ಸಂಬಂಧವಿಲ್ಲ. ರೋಗದ ಕೋಳಿಯನ್ನು ಬೇರೆ ಮಾಡಿ ಪಶು ಆಸ್ಪತ್ರೆಗೆ ತಿಳಿಸಿ. ಕೋಳಿ ಕೊಳ್ಳುವಾಗ ಲಸಿಕೆ ಹಾಕಿಸಿದ್ದಾರೆಯೇ ಎಂದು ಕೇಳಿ.

ನಾಯಿಗೆ ವಾಂತಿ, ಭೇದಿ, ಹಿಂಗಾಲಿನಲ್ಲಿ ಬಲವಿಲ್ಲ

ಕೋಳಿ ಹಿಕ್ಕೆ ತಿನ್ನುವುದು ಬಹಳ ನಾಯಿಗಳ ಚಟ. ಅದರಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಒಂದು ದಿನದ ಸಾದಾ ಭೇದಿ, ನಾಯಿ ಲವಲವಿಕೆಯಿಂದಿದ್ದರೆ, ನೀರು ಕೊಟ್ಟು ನೋಡಬಹುದು. ರಕ್ತ, ಜ್ವರ, ಮಂಕು ಕಂಡರೆ ಕಾಯಬೇಡಿ. ಮಕ್ಕಳ ಮುಖವನ್ನು ನಾಯಿ ನೆಕ್ಕದಂತೆ ನೋಡಿಕೊಳ್ಳಿ, ಕೋಳಿ ಮುಟ್ಟಿದ ಕೈಗೆ ಸೋಪು ಹಚ್ಚಿ ತೊಳೆಯಿರಿ.

ಹಿಂಗಾಲು ಕುಸಿಯುತ್ತಿದ್ದರೆ ಕೋಳಿ ಮೇವಿನ ಚೀಲ ನೋಡಿ. ಮರಿಗಳಿಗೆ ಬರುವ ರಕ್ತಭೇದಿ ತಡೆಯಲು ಕೆಲವು ಮೇವುಗಳಲ್ಲಿ ಮೊನೆನ್ಸಿನ್, ಸಾಲಿನೋಮೈಸಿನ್ ತರಹದ ಔಷಧ ಬೆರೆಸಿರುತ್ತಾರೆ. ಕೋಳಿಗೆ ಸರಿ, ನಾಯಿಗೆ ವಿಷ. ಚೀಲದ ಮೇಲಿನ ಚೀಟಿ ಹಿಡಿದುಕೊಂಡೇ ವೈದ್ಯರ ಹತ್ತಿರ ಓಡಿ. ಮೇವನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿಡಿ.

ಬೆಳಿಗ್ಗೆ ನೋಡಿದರೆ ಒಂದು ಕೋಳಿ ಇಲ್ಲ

ಮನೆಯ ನಾಯಿಯ ಮೇಲೆ ಮೊದಲ ಅನುಮಾನ, ಮೊದಲ ಏಟು ಬೀಳುವುದು ಇಲ್ಲೇ. ಸ್ಥಳ ನೋಡಿ. ನಾಯಿ ಕೊಂದರೆ ಸಾಮಾನ್ಯವಾಗಿ ಹೆಣ ಅಲ್ಲೇ ಬಿದ್ದಿರುತ್ತದೆ, ತಿಂದಿರುವುದಿಲ್ಲ, ಪುಕ್ಕ ಅಂಗಳವೆಲ್ಲ ಚೆಲ್ಲಿರುತ್ತದೆ. ಕೋಳಿಯೇ ಕಾಣೆಯಾಗಿ, ಬೇಲಿಯ ತನಕ ಒಂದಿಷ್ಟು ಪುಕ್ಕದ ಜಾಡು ಮಾತ್ರ ಇದ್ದರೆ ಕಾಡುಬೆಕ್ಕೋ ನರಿಯೋ ಇರಬಹುದು. ಕುತ್ತಿಗೆಯಲ್ಲಿ ಸಣ್ಣ ಗಾಯವಿದ್ದು ಸತ್ತಿದ್ದರೆ, ಗೂಡಿನಲ್ಲಿ ಮೂರು ಬೆರಳಿನಷ್ಟು ಸಂದಿ ಇದ್ದರೆ, ಮುಂಗುಸಿಯನ್ನು ನೆನೆಯಿರಿ. ಹಗಲು ಮರಿಗಳು ಮಾತ್ರ ಮಾಯವಾದರೆ ತಲೆ ಎತ್ತಿ ಹದ್ದು ನೋಡಿ. ಮೊಟ್ಟೆ ಸಿಪ್ಪೆಯೂ ಇಲ್ಲದೆ ಕಾಣೆಯಾದರೆ ಹಾವಿರಬಹುದು. ಗೂಡಿಗೆ ಬರಿಗೈ ಹಾಕಬೇಡಿ.

ನಾಯಿ ಕೋಳಿಯನ್ನು ಕಚ್ಚಿದೆ

ಕೋಳಿಯನ್ನು ಹಿಡಿದು ಎಳೆಯಬೇಡಿ, ಚರ್ಮ ಹರಿಯುತ್ತದೆ. ನಾಯಿಯ ಬಾಯಿಗೆ ಕೈ ಹಾಕಬೇಡಿ. ಬೆಲ್ಟ್ ಹಿಡಿದು ನಿಲ್ಲಿಸಿ, ಮುಖಕ್ಕೆ ಒಂದು ಕೊಡ ನೀರು ಸುರಿಯಿರಿ. ಬಿಟ್ಟ ಕೂಡಲೇ ಹೊಡೆಯದೆ ಕಟ್ಟಿಹಾಕಿ.

ಕೋಳಿಯ ಪುಕ್ಕ ಸರಿಸಿ ಮೈಯೆಲ್ಲ ಹುಡುಕಿ. ಹಲ್ಲಿನ ತೂತು ಸಾಸಿವೆಯಷ್ಟು ಚಿಕ್ಕದಾಗಿ ಕಂಡರೂ ಒಳಗೆ ಆಳವಾಗಿರುತ್ತದೆ, ನಾಯಿಯ ಜೊಲ್ಲಿನ ರೋಗಾಣು ಒಳಗೆ ಸೇರಿರುತ್ತದೆ. ಮೇಲೆ ಏನೂ ಆಗಿಲ್ಲ ಎಂದು ಬಿಟ್ಟ ಕೋಳಿ ಮೂರನೆಯ ದಿನ ಸಾಯುವುದು ಇದರಿಂದಲೇ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆಯಿರಿ. ಕತ್ತಲೆಯ, ಬೆಚ್ಚನೆಯ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಒಂಟಿಯಾಗಿ ಇಡಿ. ರಕ್ತ ಕಂಡರೆ ಉಳಿದ ಕೋಳಿಗಳೇ ಕುಕ್ಕುತ್ತವೆ. ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ನಮ್ಮ ಹವೆಯಲ್ಲಿ ನೊಣ ಕೂತರೆ ಒಂದೆರಡು ದಿನಕ್ಕೇ ಹುಳು ಬೀಳುತ್ತದೆ, ಪೆಟ್ಟಿಗೆಗೆ ಸೊಳ್ಳೆ ಪರದೆ ಹೊದಿಸಿ.

ಚರ್ಮದ ಕೆಳಗೆ ಗಾಳಿ ತುಂಬಿದಂತೆ ಉಬ್ಬಿದರೆ, ಉಸಿರು ಕಷ್ಟವಾದರೆ, ತೂತು ಆಳವಾಗಿದ್ದರೆ ಅಂದೇ ಪಶುವೈದ್ಯರು ಬೇಕು. ಸರ್ಕಾರದ ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962 ಕರೆ ಮಾಡಬಹುದು. ಔಷಧ ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ಕೇಳಿಕೊಳ್ಳಿ.

ಬಿಡಿಸುವಾಗ ನಿಮಗೆ ಹಲ್ಲು ತಾಗಿದ್ದರೆ ಕೋಳಿಯನ್ನು ಇನ್ನೊಬ್ಬರ ಕೈಗೆ ಕೊಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಮನೆಯದೇ ನಾಯಿ, ಲಸಿಕೆ ಆಗಿದೆ ಎಂಬ ಧೈರ್ಯದಿಂದ ಮನೆಯಲ್ಲೇ ಕೂರಬೇಡಿ. ನಾಯಿಗೆ ಪ್ರತಿ ವರ್ಷದ ರೇಬೀಸ್ ಲಸಿಕೆ ತಪ್ಪಿಸಲೇಬೇಡಿ.

ಎಲ್ಲಿಗೆ ನಿಲ್ಲಿಸಬೇಕು

ಎರಡು ತಿಂಗಳು ದಿನವೂ ಕಲಿಸಿದ ಮೇಲೂ ಕರೆದರೆ ಕಿವಿ ತಿರುಗುವ ದೂರ ಕಡಿಮೆಯಾಗದಿದ್ದರೆ, ನಾಯಿ ಒಂದಕ್ಕಿಂತ ಹೆಚ್ಚು ಕೋಳಿ ಕೊಂದಿದ್ದರೆ, ತಡೆದಾಗ ನಿಮ್ಮ ಮೇಲೆಯೇ ತಿರುಗಿ ಗುರುಗುಟ್ಟಿದರೆ, ಅವೆರಡನ್ನೂ ಜೊತೆಯಾಗಿ ಬಿಡುವ ಆಸೆ ಬಿಡಿ. ಕೊನೆಯದು ಕಂಡರೆ ನಾಯಿ ತರಬೇತುದಾರರನ್ನು ಕರೆಸಿ, ಅದಕ್ಕೂ ಮುಂಚೆ ನೋವೋ ಕಾಯಿಲೆಯೋ ಇದೆಯೇ ಎಂದು ವೈದ್ಯರಿಗೆ ತೋರಿಸಿ. ನಾಯಿಯನ್ನು ಊರಾಚೆ ಬಿಟ್ಟು ಬರುವುದು ದಾರಿಯಲ್ಲ. ಗಟ್ಟಿ ಗೂಡು, ನಡುವೆ ಇನ್ನೊಂದು ಬೇಲಿ, ಹಗಲು ಕೋಳಿಗೆ ಅಂಗಳ ಮತ್ತು ರಾತ್ರಿ ನಾಯಿಗೆ ಅಂಗಳ ಎಂದು ಹೊತ್ತು ಹಂಚಿಕೊಂಡು ಬದುಕುತ್ತಿರುವ ಮನೆಗಳಿವೆ.

ಕರಿಯನಿಗೆ ಈಗ ಒಂಬತ್ತು ವರ್ಷ. ಕೋಳಿಗಳು ಅವನ ಬೆನ್ನ ಮೇಲೆ ಹತ್ತಿ ಉಣ್ಣೆ ಹುಳು ಹೆಕ್ಕುತ್ತವೆ, ಅವನು ಕಣ್ಣು ಮುಚ್ಚಿಕೊಂಡಿರುತ್ತಾನೆ. ಹಾಗಿದ್ದರೂ ಸಂತೆಗೆ ಹೊರಡುವ ಮುಂಚೆ ಗೂಡಿನ ಚಿಲಕಕ್ಕೆ ಕೊಂಡಿ ಬಿದ್ದಿದೆಯೇ ಎಂದು ಕೈಯಿಂದ ಜಗ್ಗಿ ನೋಡಿಯೇ ಹೋಗುತ್ತೇನೆ.